ಅಟ್ಟಿ ತೆಗೆದ ಚಿತ್ರಕ್ಕೆ ಚಪ್ಪಾಳೆ ಬೇಡ

ಮಾರ್ಗಶಿರದ ಚಳಿ ಬಯಲುಸೀಮೆಗೆ ಇಳಿಯುವ ಹೊತ್ತಿಗೆ ಆಲಮಟ್ಟಿ ಜಲಾಶಯದ ಹಿನ್ನೀರು ಮೆಲ್ಲಗೆ ಹಿಂದೆ ಸರಿಯತೊಡಗುತ್ತದೆ. ಬಾಗಲಕೋಟೆಯ ಸುತ್ತಲಿನ ಘಟಪ್ರಭೆಯ ದಡಗಳಲ್ಲಿ, ಬೀಳಗಿ ತಾಲ್ಲೂಕಿನ ಹೆರಕಲ್ ಸೇತುವೆಯ ಆಚೀಚೆ, ನೀರು ಬಿಟ್ಟುಹೋದ ಕರಿಯ ಕೆಸರಿನ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಕಣ್ಣಿಗೆ ಅದು ಬರೀ ರಾಡಿ. ಹಕ್ಕಿಗಳಿಗೆ ಅದು ಹಾಸಿಟ್ಟ ಎಲೆ. ಹುಳು, ಮರಿಹುಳು, ಸಣ್ಣ ಬಸವನಹುಳು ತುಂಬಿದ ಆ ಅಂಚಿನಲ್ಲಿ ಗದ್ದೆಗೊರವಗಳು, ಉಲ್ಲಂಕಿಗಳು, ಮೆಟ್ಟುಗಾಲು ಹಕ್ಕಿಗಳು, ಗುಬ್ಬಿಯ ಗಾತ್ರದ ಸ್ಟಿಂಟ್‌ಗಳು ಬೆಳಗಿನಿಂದ ಬೈಗಿನವರೆಗೆ ಕೊಕ್ಕು ಚುಚ್ಚುತ್ತ ನಡೆಯುತ್ತವೆ. ತುಸು ಆಳದ ನೀರಿನಲ್ಲಿ ರಾಜಹಂಸಗಳು, ದಡದ ಹೊಲಗಳಲ್ಲಿ ಗೀರುತಲೆಯ ಹೆಬ್ಬಾತುಗಳು ಕಾಣಸಿಗುತ್ತವೆ.

ಇದೇ ಹೊತ್ತಿಗೆ ಇನ್ನೊಂದು ಬಗೆಯ ವಲಸೆಯೂ ಆರಂಭವಾಗುತ್ತದೆ. ರಜೆಯ ದಿನ ನಸುಕಿನಲ್ಲಿ ಉದ್ದ ಲೆನ್ಸಿನ ಕ್ಯಾಮೆರಾ ಹೊತ್ತ ವಾಹನಗಳು ರಸ್ತೆ ಬಿಟ್ಟು ನೇರವಾಗಿ ಕೆಸರಿನ ಅಂಚಿಗೆ ಇಳಿಯುತ್ತವೆ. ಒಬ್ಬರು ಕ್ಯಾಮೆರಾ ಹಿಡಿದು ಸಿದ್ಧರಾಗುತ್ತಾರೆ. ಇನ್ನೊಬ್ಬರು ಚಪ್ಪಾಳೆ ತಟ್ಟುತ್ತಲೋ ಕಲ್ಲು ಬೀರುತ್ತಲೋ ಹಿಂಡಿನತ್ತ ಓಡುತ್ತಾರೆ. ನೂರಾರು ಹಕ್ಕಿಗಳು ಒಮ್ಮೆಗೇ ಮೇಲೇಳುತ್ತವೆ. ಸೆಕೆಂಡಿಗೆ ಇಪ್ಪತ್ತರಂತೆ ಚಿತ್ರಗಳು ಬೀಳುತ್ತವೆ. ಆ ಚಿತ್ರಕ್ಕೆ ‘ಸ್ವಾತಂತ್ರ್ಯ’ ಎಂದೋ ‘ಮುಂಜಾವಿನ ಹಾಡು’ ಎಂದೋ ಹೆಸರಿಟ್ಟು ಪ್ರದರ್ಶನಕ್ಕೆ ಕಳುಹಿಸಲಾಗುತ್ತದೆ. ನೋಡಿದವರು ತಲೆದೂಗುತ್ತಾರೆ. ಚಿತ್ರದಲ್ಲಿರುವುದು ಸ್ವಾತಂತ್ರ್ಯವಲ್ಲ, ಪ್ರಾಣಭಯ ಎಂದು ಯಾರೂ ಕೇಳುವುದಿಲ್ಲ.

ಈ ಚಿತ್ರಗಳಿಗೆ ಬೀಳುತ್ತಿರುವ ಚಪ್ಪಾಳೆಯನ್ನು ನಿಲ್ಲಿಸಬೇಕಾದ ಕಾಲ ಬಂದಿದೆ. ಕರುಣೆ ಇದಕ್ಕೆ ಒಂದು ಕಾರಣ ಮಾತ್ರ. ಅಟ್ಟಿ ತೆಗೆದ ಚಿತ್ರವು ಛಾಯಾಗ್ರಹಣ ಕಲೆಯ ದೃಷ್ಟಿಯಿಂದಲೂ ಕಳಪೆ. ಪರಿಸರ ಚಳವಳಿಯ ದೃಷ್ಟಿಯಿಂದ ಅದು ಕೆಲಸಕ್ಕೆ ಬಾರದ ಚಿತ್ರ.

ಗುಳೆ ಬಂದವರ ಊಟ

ಗುಳೇದಗುಡ್ಡದ ಜನರಿಗೆ ಗುಳೆ ಎಂಬ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಊರಿನ ಹೆಸರಿನಲ್ಲಿಯೇ ಆ ಸದ್ದು ಇದೆ. ಮಳೆ ಕೈಕೊಟ್ಟ ವರ್ಷ, ಖಣದ ಮಗ್ಗಕ್ಕೆ ಕೆಲಸವಿಲ್ಲದ ವರ್ಷ, ಗಂಟುಮೂಟೆ ಕಟ್ಟಿಕೊಂಡು ಗೋವೆಗೋ ಮಂಗಳೂರಿಗೋ ಬೆಂಗಳೂರಿಗೋ ಹೊರಟವರ ನೆನಪು ಈ ಗುಡ್ಡಗಳ ಅನೇಕ ಮನೆಗಳಲ್ಲಿದೆ. ಗುಳೆ ಹೋದವರು ಹೋದ ಊರಿನಲ್ಲಿ ವಿಹಾರ ಮಾಡುವುದಿಲ್ಲ. ಅಲ್ಲಿ ದುಡಿದು, ಉಂಡು, ನಾಲ್ಕು ಕಾಸು ಕೂಡಿಸಿಕೊಂಡು ಊರಿಗೆ ಮರಳುವುದೇ ಅವರ ಗುರಿ.

ಚಳಿಗಾಲದ ದಡದ ಹಕ್ಕಿಯ ಬಾಳೂ ಹಾಗೆಯೇ. ಲಿಟಲ್ ಸ್ಟಿಂಟ್ ಎಂಬ ಹಕ್ಕಿಯ ತೂಕ ಮೂವತ್ತು ಗ್ರಾಮಿಗೂ ಕಡಿಮೆ. ಅದು ಮರಿಮಾಡುವುದು ಉತ್ತರ ಧ್ರುವಕ್ಕೆ ಸಮೀಪದ ಸೈಬೀರಿಯಾದ ಬಯಲುಗಳಲ್ಲಿ. ಅಲ್ಲಿ ನೆಲ ಹಿಮಗಟ್ಟಿದಾಗ ಹೊಟ್ಟೆಪಾಡಿಗಾಗಿ ದಕ್ಷಿಣಕ್ಕೆ ಬರುತ್ತದೆ. ಮಂಗೋಲಿಯಾ, ಟಿಬೆಟ್ಟಿನ ಎತ್ತರದ ಸರೋವರಗಳಿಂದ ಹಿಮಾಲಯ ದಾಟಿ ಬರುವ ಗೀರುತಲೆಯ ಹೆಬ್ಬಾತು 7,000 ಮೀಟರಿಗಿಂತ ಎತ್ತರದಲ್ಲಿ ಹಾರಿದ್ದನ್ನು ಉಪಗ್ರಹದ ಸಹಾಯದಿಂದ ಅಳೆಯಲಾಗಿದೆ. 2022ರಲ್ಲಿ ಅಲಾಸ್ಕಾದಿಂದ ಹೊರಟ ಗಾಡ್‌ವಿಟ್ ಜಾತಿಯ ದಡದ ಹಕ್ಕಿಯೊಂದು ಎಲ್ಲಿಯೂ ಇಳಿಯದೆ 11 ದಿನ ಹಾರಿ, 13,560 ಕಿಲೋಮೀಟರು ಕ್ರಮಿಸಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ತಲುಪಿತು. ಇಂಥ ಪಯಣಗಳಿಗೆ ಇಂಧನವೆಂದರೆ ಮೈಯಲ್ಲಿ ಕೂಡಿಟ್ಟ ಕೊಬ್ಬು. ಆ ಕೊಬ್ಬು ಕೂಡುವುದು ಕೆಸರಿನ ಅಂಚಿನಲ್ಲಿ ಒಂದೊಂದಾಗಿ ಹೆಕ್ಕಿದ ಹುಳುಗಳಿಂದ.

ಚಿಕ್ಕ ದೇಹ ಬೇಗ ಬಿಸಿ ಕಳೆದುಕೊಳ್ಳುತ್ತದೆ. ಅದನ್ನು ತುಂಬಿಕೊಳ್ಳಲು ಈ ಹಕ್ಕಿಗಳು ಹಗಲಿನ ಬಹುಭಾಗ, ಎಷ್ಟೋ ಸಲ ರಾತ್ರಿಯೂ ಮೇಯುತ್ತವೆ. ರೆಕ್ಕೆ ಬಡಿದು ಹಾರುವುದಕ್ಕೆ ಸುಮ್ಮನೆ ನಿಂತಿರುವುದಕ್ಕಿಂತ ಹಲವು ಪಟ್ಟು ಶಕ್ತಿ ಬೇಕು. ಆದ್ದರಿಂದ ಅಟ್ಟಿಸಿಕೊಂಡ ಹಕ್ಕಿಗೆ ನಷ್ಟ ಎರಡು ಕಡೆಯಿಂದ: ಹಾರಿ ಕಳೆದ ಶಕ್ತಿ ಒಂದು, ಆ ಹೊತ್ತಿನಲ್ಲಿ ತಿನ್ನದೆ ಉಳಿದ ಊಟ ಇನ್ನೊಂದು. ಗುಳೆ ಹೋದ ಕೂಲಿಯಾಳು ಬುತ್ತಿ ಬಿಚ್ಚಿ ಕುಳಿತಾಗಲೆಲ್ಲ ಯಾರೋ ಬಂದು ಗದರಿಸಿ ಎಬ್ಬಿಸಿದರೆ ಹೇಗಿದ್ದೀತು? ‘ಒಂದು ಸಲ ಹಾರಿದರೆ ಏನಾಯಿತು’ ಎನ್ನುವವರು ತಮ್ಮ ಒಂದು ಸಲವನ್ನು ಮಾತ್ರ ಎಣಿಸುತ್ತಾರೆ. ಹಿಂದಿನ ವಾಹನದವರದ್ದೂ ಮುಂದಿನ ವಾಹನದವರದ್ದೂ ಸೇರಿಸಿ ಎಣಿಸುವುದು ಹಕ್ಕಿ ಮಾತ್ರ.

ಕುರಿಯ ಮೇಲೆ ಹೊರಿಸುವ ದೂರು

ಇದಕ್ಕೆ ಕೊಡುವ ಇನ್ನೊಂದು ಸಮಾಧಾನ ವಿಚಿತ್ರವಾದುದು. ‘ದಡದಲ್ಲಿ ದಿನವಿಡೀ ಕುರಿ, ದನ, ಮೀನುಗಾರರು ಓಡಾಡುತ್ತಾರೆ, ಕ್ಯಾಮೆರಾದವರನ್ನು ಮಾತ್ರ ಏಕೆ ದೂರಬೇಕು?’ ಎಂಬ ಪ್ರಶ್ನೆಯದು. ಒಂದು ಮುಂಜಾನೆ ದಡದಲ್ಲಿ ಕುಳಿತು ನೋಡಿದವರಿಗೆ ಉತ್ತರ ತಾನಾಗಿಯೇ ಸಿಗುತ್ತದೆ. ಕುರಿ ಹಿಂಡು ನಿಧಾನವಾಗಿ, ದಿನವೂ ಅದೇ ಜಾಡಿನಲ್ಲಿ ಸಾಗುತ್ತದೆ. ಅದರ ಕಣ್ಣು ಹುಲ್ಲಿನ ಮೇಲೆ. ಹಕ್ಕಿಗಳು ನಾಲ್ಕು ಹೆಜ್ಜೆ ಸರಿದು ಮತ್ತೆ ಮೇಯತೊಡಗುತ್ತವೆ. ಬೆಳ್ಳಕ್ಕಿಯಂತೂ ದನದ ಕಾಲಸಂದಿಯಲ್ಲಿಯೇ ಹುಳು ಹಿಡಿಯುತ್ತದೆ. ನೇರವಾಗಿ ತನ್ನತ್ತಲೇ ನಡೆದುಬರುವ, ತನ್ನನ್ನೇ ದಿಟ್ಟಿಸುವ ಎರಡು ಕಾಲಿನ ಪ್ರಾಣಿ ಮಾತ್ರ ಹಕ್ಕಿಯ ಲೆಕ್ಕದಲ್ಲಿ ಬೇಟೆಗಾರ. ಕೈಯಲ್ಲಿರುವುದು ಬಂದೂಕೋ ಕ್ಯಾಮೆರಾವೋ ಎಂಬುದು ಅದಕ್ಕೆ ತಿಳಿಯದು.

ಕಾನೂನಿನ ಮಾತೂ ಇದಕ್ಕೆ ದೂರವಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ‘ಬೇಟೆ’ ಎಂಬ ಪದದ ಅರ್ಥವನ್ನು ಕೊಲ್ಲುವುದಕ್ಕೆ ಸೀಮಿತಗೊಳಿಸಿಲ್ಲ. ಬಲೆ ಹಾಕುವುದು, ಆಮಿಷ ಒಡ್ಡುವುದು, ಅಟ್ಟುವುದು, ಹಕ್ಕಿಯ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದು ಇವೆಲ್ಲವೂ ಆ ವ್ಯಾಖ್ಯೆಯೊಳಗೆ ಬರುತ್ತವೆ. ಬಡ ಮೀನುಗಾರನ ಬಲೆಗೆ ಒಂದು ಬಾತು ಸಿಕ್ಕರೆ ಈ ಕಾಯ್ದೆ ನೆನಪಾಗುತ್ತದೆ. ಜೀಪಿನಲ್ಲಿ ಬಂದು ಇಡೀ ಹಿಂಡನ್ನು ಮೂರು ಸಲ ಎಬ್ಬಿಸಿದವನ ವಿಷಯದಲ್ಲಿ ಯಾರಿಗೂ ನೆನಪಾಗುವುದಿಲ್ಲ. ಈ ವ್ಯತ್ಯಾಸವನ್ನು ಗುಡ್ಡದೂರುಗಳ ಜನ ಗಮನಿಸಬೇಕು.

ಕುಣಿಮಗ್ಗದ ಪಾಠ

ಹಾಗಾದರೆ ಕ್ಯಾಮೆರಾವನ್ನು ಕೆಳಗಿಟ್ಟುಬಿಡಬೇಕೆ? ಹಾಗೆ ಹೇಳುವುದು ಮೂರ್ಖತನ. ಹಕ್ಕಿಯನ್ನು ಚಿತ್ರದಲ್ಲಿ ಹತ್ತಿರದಿಂದ ನೋಡಿದ ವಿದ್ಯಾರ್ಥಿಯೇ ನಾಳೆ ಕೆರೆಯ ಪರವಾಗಿ ಮಾತನಾಡುವವನು. ಬೇಕಾಗಿರುವುದು ಒಳ್ಳೆಯ ಚಿತ್ರ. ಒಳ್ಳೆಯ ಚಿತ್ರ ತೆಗೆಯುವ ವಿಧಾನವೂ ಹಕ್ಕಿಗೆ ತೊಂದರೆ ಕೊಡದ ವಿಧಾನವೂ ಒಂದೇ ಎಂಬುದನ್ನು ಅನುಭವಿಗಳು ಬಲ್ಲರು.

ಗುಳೇದಗುಡ್ಡದ ಖಣ ನೇಯುವವರನ್ನು ನೋಡಬೇಕು. ಕುಣಿಮಗ್ಗದಲ್ಲಿ ನೇಕಾರ ನೆಲದ ತಗ್ಗಿನೊಳಗೆ ಕಾಲಿಳಿಸಿ ಕೂರುತ್ತಾನೆ. ಹಾಸು ಅವನ ಎದೆಯ ಮಟ್ಟಕ್ಕೆ ಬರುತ್ತದೆ, ಎಳೆಗಳು ಕಣ್ಣಿನ ಹತ್ತಿರವಿರುತ್ತವೆ. ನಿಂತು ಮೇಲಿನಿಂದ ನೋಡಿದರೆ ಆ ಸೂಕ್ಷ್ಮ ಕಾಣುವುದಿಲ್ಲ. ದಡದ ಹಕ್ಕಿಯ ಚಿತ್ರಕ್ಕೂ ಇದೇ ಮೊದಲ ಪಾಠ. ನಿಂತು ತೆಗೆದ ಚಿತ್ರದಲ್ಲಿ ಹಕ್ಕಿಯ ಬೆನ್ನು ಮತ್ತು ಹಿಂದಿನ ಕೆಸರು ಅಂಟಿಕೊಂಡು ಕಾಣುತ್ತವೆ. ನೆಲದ ಮೇಲೆ ಒರಗಿ ಕ್ಯಾಮೆರಾವನ್ನು ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಸಿದಾಗ ಹಿನ್ನೆಲೆ ದೂರ ಸರಿದು ಮಬ್ಬಾಗುತ್ತದೆ, ಹಕ್ಕಿ ಬಿಡಿಯಾಗಿ ಎದ್ದು ನಿಲ್ಲುತ್ತದೆ. ದುಬಾರಿ ಸ್ಟ್ಯಾಂಡ್ ಬೇಕಿಲ್ಲ. ಜೋಳ ತುಂಬಿದ ಸಣ್ಣ ಬಟ್ಟೆಯ ಚೀಲವೊಂದು ಲೆನ್ಸಿಗೆ ಸಾಕಷ್ಟು ಭದ್ರವಾದ ದಿಂಬು. ಒರಗಿದ ಮನುಷ್ಯನ ಆಕಾರ ಹಕ್ಕಿಗೆ ಅಷ್ಟಾಗಿ ಭಯ ಹುಟ್ಟಿಸುವುದಿಲ್ಲ ಎಂಬುದು ಇದರೊಂದಿಗೆ ಬರುವ ಲಾಭ.

ಎರಡನೆಯ ಪಾಠ ಹೊತ್ತಿನದು. ಚಳಿಗಾಲದಲ್ಲಿ ಸೂರ್ಯ ಹುಟ್ಟಿದ ಮೊದಲ ಒಂದೂವರೆ ಗಂಟೆ ಮತ್ತು ಮುಳುಗುವ ಮುಂಚಿನ ಒಂದು ಗಂಟೆ ಬೆಳಕು ಓರೆಯಾಗಿ, ಮೃದುವಾಗಿ ಬೀಳುತ್ತದೆ. ಬಿಸಿಲೇರಿದ ಮೇಲೆ ಕಾದ ಕೆಸರಿನಿಂದ ಮೇಲೇಳುವ ಬಿಸಿಗಾಳಿ ತಣ್ಣನೆಯ ಗಾಳಿಯೊಂದಿಗೆ ಬೆರೆತು ನಡುಗುತ್ತದೆ. ಆ ನಡುಕದ ಮೂಲಕ ತೆಗೆದ ದೂರದ ಚಿತ್ರವನ್ನು ಎಷ್ಟು ಲಕ್ಷದ ಲೆನ್ಸೂ ಸ್ಪಷ್ಟಗೊಳಿಸಲಾರದು. ಆದ್ದರಿಂದ ಬೆಳಕು ಹರಿಯುವ ಮುನ್ನವೇ ಜಾಗ ಹಿಡಿದು ಕೂರಬೇಕು. ಹಕ್ಕಿಯ ಕಡೆಗೆ ಮನುಷ್ಯ ಹೋಗುವುದಲ್ಲ. ಹಕ್ಕಿಗಳು ಅಂಚಿನಗುಂಟ ಮೇಯುತ್ತ ಬರುವ ದಾರಿಯನ್ನು ಹಿಂದಿನ ದಿನ ನೋಡಿಟ್ಟುಕೊಂಡು, ಮುಂದೆ ಹೋಗಿ ಕಾದಿರಬೇಕು. ಅರ್ಧ ಗಂಟೆ ಅಲುಗದೆ ಕುಳಿತವನ ಹತ್ತಿರಕ್ಕೆ ಗದ್ದೆಗೊರವ ತಾನಾಗಿಯೇ ನಡೆದುಬರುತ್ತದೆ. ಅಟ್ಟಿದವನಿಗೆ ದಕ್ಕುವುದು ಓಡುವ ಹಕ್ಕಿಯ ಬಾಲ. ಕಾದವನಿಗೆ ಅದರ ಕಣ್ಣು ದಕ್ಕುತ್ತದೆ.

ಹಾರುವ ಹಿಂಡಿನ ಚಿತ್ರವೇ ಬೇಕೆನ್ನುವವರಿಗೂ ದಾರಿಯಿದೆ. ಹಕ್ಕಿಗಳು ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಚಳಿಗಾಲದಲ್ಲಿ ಈ ಸೀಮೆಯಲ್ಲಿ ಮೂಡಣ ಗಾಳಿಯೇ ಹೆಚ್ಚು. ಮುಂಜಾನೆ ಪೂರ್ವಕ್ಕೆ ಬೆನ್ನು ಮಾಡಿ ಕುಳಿತರೆ ಬಿಸಿಲೂ ಗಾಳಿಯೂ ಎರಡೂ ಬೆನ್ನ ಹಿಂದೆ. ಇಳಿಯುವ ಹಿಂಡು ಮುಖಾಮುಖಿಯಾಗಿ, ಬೆಳಕು ತುಂಬಿಕೊಂಡು ಬರುತ್ತದೆ. ರಾತ್ರಿಯ ತಂಗುದಾಣದಿಂದ ಮೇಯುವ ತಾಣಕ್ಕೆ ಹಕ್ಕಿಗಳು ತಮ್ಮಷ್ಟಕ್ಕೆ ತಾವೇ ಬರುತ್ತವೆ. ಅವನ್ನು ಯಾರೂ ಎಬ್ಬಿಸಬೇಕಿಲ್ಲ.

ಉಳಿದದ್ದು ಕೈಚಳಕ. ನಡೆಯುವ ಹಕ್ಕಿಗೆ ಶಟರ್ ವೇಗ ಸೆಕೆಂಡಿನ 1/500ಕ್ಕಿಂತ ಕಡಿಮೆಯಾಗದಂತೆ, ಹಾರುವ ಹಕ್ಕಿಗೆ 1/2000ದ ಹತ್ತಿರ ಇರುವಂತೆ ನೋಡಿಕೊಳ್ಳಬೇಕು. ಮಂಜು ಕವಿದು ಬೆಳಕು ಸಾಲದಾದಾಗ ವೇಗ ಇಳಿಸುವ ಬದಲು ಐಎಸ್ಒ 800ಕ್ಕೋ 1600ಕ್ಕೋ ಏರಿಸುವುದು ಮೇಲು. ತುಸು ಕಾಳು ಕಾಳಾದ ಚಿತ್ರವನ್ನು ಸಹಿಸಬಹುದು, ಅಲುಗಿದ ಚಿತ್ರವನ್ನು ಸರಿಪಡಿಸಲಾಗದು. ಹೊಳೆಯುವ ನೀರಿನ ಮುಂದೆ ನಿಂತ ಹಕ್ಕಿಯನ್ನು ಕ್ಯಾಮೆರಾ ಕಪ್ಪಾಗಿಸುತ್ತದೆ. ಆಗ ಬೆಳಕನ್ನು ಅರ್ಧದಿಂದ ಒಂದು ಸ್ಟಾಪ್ ಹೆಚ್ಚಿಸಬೇಕು. ಕರಿಯ ಕೆಸರಿನ ಮುಂದಿನ ಬಿಳಿ ಹಕ್ಕಿಗೆ ಇದರ ತದ್ವಿರುದ್ಧ. ಹಿಮ ಬೀಳುವ ದೇಶಗಳ ಪುಸ್ತಕಗಳು ಹೇಳುವಷ್ಟು ಬ್ಯಾಟರಿಯ ಚಿಂತೆ ಇಲ್ಲಿಯ ಚಳಿಯಲ್ಲಿಲ್ಲ, ಆದರೆ ಇಬ್ಬನಿಯ ಚಿಂತೆ ಇದೆ: ತಣ್ಣಗಾದ ಕ್ಯಾಮೆರಾವನ್ನು ಬೆಚ್ಚನೆಯ ಕೋಣೆಗೆ ತಂದೊಡನೆ ತೆರೆದರೆ ಗಾಜಿನ ಮೇಲೆ ನೀರು ಕಟ್ಟುತ್ತದೆ; ಚೀಲದೊಳಗೇ ಸ್ವಲ್ಪ ಹೊತ್ತು ಇರಿಸಿ ಆಮೇಲೆ ತೆಗೆಯಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಹಕ್ಕಿಯ ಮಾತನ್ನು ಓದುವುದು. ಮೇಯುತ್ತಿದ್ದ ಹಕ್ಕಿ ತಲೆಯೆತ್ತಿ ನಿಂತಿತೆಂದರೆ ಅದು ಮೊದಲ ಎಚ್ಚರಿಕೆ. ಮೈ ಕುಗ್ಗಿಸಿ ಬಿರುಸಾಗಿ ನಡೆಯತೊಡಗಿತೆಂದರೆ ಎರಡನೆಯದು. ಟಿಟ್ಟಿಭ ಕೂಗಿತೆಂದರೆ ಮಾತು ಮುಗಿಯಿತು. ಅದರ ಕೂಗಿನ ಅರ್ಥ ಪ್ರತಿಯೊಬ್ಬ ಕುರಿಗಾಹಿಗೂ ಗೊತ್ತು. ಅಲ್ಲಿಗೆ ಹಿಂದೆ ಸರಿಯುವುದೇ ಛಾಯಾಗ್ರಾಹಕನ ಮರ್ಯಾದೆ. ಪೂರ್ಣಚಂದ್ರ ತೇಜಸ್ವಿ (1938–2007) ಅವರಂಥವರು ಹಕ್ಕಿಗಳ ಬೆನ್ನು ಹತ್ತಿದ್ದು ಒಂದು ಫಿಲ್ಮ್ ಸುರುಳಿಯಲ್ಲಿ 36 ಚಿತ್ರಗಳಷ್ಟೇ ಇದ್ದ ಕಾಲದಲ್ಲಿ. ಆಗ ಕಾಯದೆ ಗತಿಯಿರಲಿಲ್ಲ. ಈಗ ಚಿತ್ರಕ್ಕೆ ಖರ್ಚಿಲ್ಲವಾದ್ದರಿಂದ ತಾಳ್ಮೆಗೂ ಬೆಲೆ ಇಲ್ಲವಾಗಿದೆ.

ಮುಳುಗಿದ ಹೊಲದ ಮೇಲೆ

ಈ ದಡ ಯಾರದ್ದು ಎಂಬ ಪ್ರಶ್ನೆ ಇನ್ನೂ ಉಳಿದಿದೆ. ಇದು ಸೃಷ್ಟಿಯ ಆದಿಯಿಂದ ಇದ್ದ ಸರೋವರವಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ನೀರು ನಿಂತಾಗ ಹಳೆಯ ಬಾಗಲಕೋಟೆಯ ಕೇರಿಗಳು, ಹತ್ತಾರು ಹಳ್ಳಿಗಳ ಎರೆಹೊಲಗಳು, ಗುಡಿಗಳು ಮುಳುಗಿದವು. ಜನ ನವನಗರಕ್ಕೂ ಪುನರ್ವಸತಿ ಗ್ರಾಮಗಳಿಗೂ ಹೋದರು. ನೀರು ಸರಿದ ನೆಲದಲ್ಲಿ ಕುರಿ ಮೇಯಿಸುವವರಲ್ಲಿ, ಅಲ್ಲಲ್ಲಿ ಮತ್ತೆ ಬಿತ್ತುವವರಲ್ಲಿ ಆ ಹೊಲಗಳ ಹಳೆಯ ಒಡೆಯರೂ ಇದ್ದಾರೆ. ಅವರನ್ನು ‘ಫ್ರೇಮಿನಿಂದ ಆಚೆ ಹೋಗಿ’ ಎಂದು ಗದರಿಸುವ ಹಕ್ಕು ದೂರದಿಂದ ಬಂದ ಯಾವ ಕ್ಯಾಮೆರಾಕ್ಕೂ ಇಲ್ಲ.

ದಡ ಮತ್ತೊಮ್ಮೆ ಬದಲಾಗಲಿದೆ. ಆಲಮಟ್ಟಿಯ ಈಗಿನ ಪೂರ್ಣಮಟ್ಟ 519.60 ಮೀಟರು. ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಅದನ್ನು 524.256 ಮೀಟರಿಗೆ ಏರಿಸಲು ಒಪ್ಪಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಮುಳುಗಲಿರುವ 75 ಸಾವಿರಕ್ಕೂ ಹೆಚ್ಚು ಎಕರೆ ಜಮೀನಿಗೆ ಪರಿಹಾರದ ದರ ನಿಗದಿಪಡಿಸಿತು. ನೀರು ಏರಿದಂತೆ ಚಳಿಗಾಲದ ಕೆಸರಿನ ಅಂಚು ಬೇರೆಡೆಗೆ ಸರಿಯುತ್ತದೆ. ಯಾವ ಅಂಚಿನಲ್ಲಿ ಯಾವ ಹಕ್ಕಿ, ಎಷ್ಟು, ಏನನ್ನು ಮೇಯುತ್ತಿತ್ತು ಎಂದು ನಾಳೆ ಯಾರಾದರೂ ಕೇಳಿದರೆ ತೋರಿಸಲು ದಾಖಲೆ ಬೇಕು. ಜಮೀನಿಗೆ ಉತಾರ ಇದೆ, ಮನೆಗೆ ಮೋಜಣಿ ಇದೆ. ಹಕ್ಕಿಯ ಹೆಸರಿನಲ್ಲಿ ಯಾವ ಕಾಗದವೂ ಇಲ್ಲ.

ಅಟ್ಟಿ ತೆಗೆದ ಚಿತ್ರ ಇಲ್ಲಿಯೇ ಸೋಲುವುದು. ಆಕಾಶದಲ್ಲಿ ಚದುರಿದ ಹಿಂಡಿನ ಚಿತ್ರ ಒಂದನ್ನೇ ಸಾಧಿಸುತ್ತದೆ: ಅಂದು ಅಲ್ಲಿಗೆ ಒಬ್ಬ ಛಾಯಾಗ್ರಾಹಕ ಬಂದಿದ್ದ ಎಂಬುದನ್ನು. ನೆಮ್ಮದಿಯಾಗಿ ಮೇಯುತ್ತಿರುವ ಹಕ್ಕಿಯ ಚಿತ್ರವಾದರೋ ಜಾತಿ, ಜಾಗ, ಆಹಾರ, ಋತು ಎಲ್ಲಕ್ಕೂ ಸಾಕ್ಷಿ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ. ಪಟ್ಟಿಯ ಮೇಲಿನ ಗುರುತನ್ನು ಓದಲು ಹಕ್ಕಿ ನಿಂತಿರಬೇಕು, ಚಿತ್ರ ಸ್ಪಷ್ಟವಾಗಿರಬೇಕು. ಸಾವಿರಾರು ಮೈಲಿಯ ಆ ಸಂಬಂಧವನ್ನು ಸಾಬೀತುಪಡಿಸುವುದು ಕಾದು ಕುಳಿತವನ ಚಿತ್ರವೇ.

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಕಣ್ಣೆದುರಿನ ಉದಾಹರಣೆ. ಸುಮಾರು 50 ಹೆಕ್ಟೇರಿನ ಆ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿಗೆ ಬರುವ ಹೆಬ್ಬಾತುಗಳು ಸುತ್ತಲಿನ ರೈತರ ಹೊಲಗಳಲ್ಲಿಯೂ ಮೇಯುತ್ತವೆ. ಅವು ಮತ್ತೆ ಮತ್ತೆ ಬರುತ್ತಿರುವುದರ ಹಿಂದೆ ಊರಿನವರ ಸಹನೆಯ ಪಾಲು ದೊಡ್ಡದು. ‘ಚಿತ್ರಗಳಿಂದ ಜಾಗೃತಿ ಮೂಡುತ್ತದೆ’ ಎನ್ನುವವರು ಇದನ್ನು ನೆನೆಯಬೇಕು. ತನ್ನ ಪೈರು ತಿಂದ ಹಕ್ಕಿಯನ್ನೂ ರೈತ ತಾಳಿಕೊಂಡಿರುವಾಗ, ಒಂದು ಚಿತ್ರಕ್ಕಾಗಿ ಅದನ್ನು ಅಟ್ಟುವವನು ಯಾರಿಗೆ ಯಾವ ಜಾಗೃತಿ ಕಲಿಸಬಲ್ಲ?

ಆಗಬೇಕಾದದ್ದು

ಛಾಯಾಗ್ರಾಹಕರ ಲೋಕ ತಿದ್ದಿಕೊಳ್ಳಲಾರದ್ದೇನಲ್ಲ. ಒಂದು ಕಾಲಕ್ಕೆ ಗೂಡಿನ ಮುಂದೆ ಕುಳಿತು ತೆಗೆದ ಚಿತ್ರಗಳಿಗೆ ಪದಕಗಳು ಸಿಗುತ್ತಿದ್ದವು. ತಾಯಿಹಕ್ಕಿಗೆ ಆಗುವ ತೊಂದರೆಯನ್ನು ಮನಗಂಡು ಹಲವು ಸ್ಪರ್ಧೆಗಳು ಇಂದು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲ. ಅದೇ ನಿಯಮ ಅಟ್ಟಿ ತೆಗೆದ ಚಿತ್ರಕ್ಕೂ ಬರಬೇಕು. ಶಾಲೆ, ಕಾಲೇಜುಗಳಲ್ಲಿ ಪ್ರದರ್ಶನ ಏರ್ಪಡಿಸುವವರು ‘ಈ ಚಿತ್ರವನ್ನು ಹೇಗೆ ತೆಗೆಯಲಾಯಿತು?’ ಎಂಬ ಒಂದು ಪ್ರಶ್ನೆಯನ್ನು ಕಡ್ಡಾಯವಾಗಿ ಕೇಳಲಿ. ಹಿನ್ನೀರಿನ ದಡದ ಗ್ರಾಮ ಪಂಚಾಯಿತಿಗಳು ರಸ್ತೆಯಿಂದಾಚೆ ಕೆಸರಿಗೆ ವಾಹನ ಇಳಿಯದಂತೆಯೂ ಡ್ರೋನ್ ಹಾರದಂತೆಯೂ ಠರಾವು ಮಾಡಲಿ. ಕಾವಲಿಗೆ ಕುರಿಗಾಹಿಗಳಿಗಿಂತ ಅನುಭವಿಗಳು ಬೇರೆ ಬೇಕಿಲ್ಲ. ಗುಳೇದಗುಡ್ಡ, ಬಾದಾಮಿ, ಹುನಗುಂದ, ಇಳಕಲ್ಲಿನ ವಿದ್ಯಾರ್ಥಿಗಳು ಪ್ರತಿವರ್ಷ ಜನವರಿಯಲ್ಲಿ ನಡೆಯುವ ಏಷ್ಯಾ ನೀರುಹಕ್ಕಿ ಗಣತಿಗೆ ತಂಡ ಕಟ್ಟಿಕೊಂಡು ಹೊರಡಲಿ. ದೊಡ್ಡ ಲೆನ್ಸ್ ಇಲ್ಲದವರು ಚಿಂತಿಸಬೇಕಿಲ್ಲ. ವಿಶಾಲ ದಡ, ದೂರದ ಕುರಿಹಿಂಡು, ನಡುವೆ ಚುಕ್ಕೆಯಂತೆ ಮೇಯುವ ಹಕ್ಕಿಗಳು. ದಿನಾಂಕ, ಜಾಗ, ಎಣಿಕೆ ಬರೆದಿಟ್ಟ ಅಂಥ ಸಾದಾ ಚಿತ್ರವೊಂದು ಹತ್ತು ವರ್ಷದ ಮೇಲೆ ಪದಕದ ಚಿತ್ರಕ್ಕಿಂತ ಹೆಚ್ಚು ಬೆಲೆಬಾಳುತ್ತದೆ.

ಪಂಚತಂತ್ರದ ಟಿಟ್ಟಿಭ ತನ್ನ ಮೊಟ್ಟೆ ಕದ್ದ ಸಮುದ್ರದ ಮೇಲೆಯೇ ದೂರು ಕೊಟ್ಟು ಗೆದ್ದಿತು. ಹಿನ್ನೀರಿನ ದಡದ ಟಿಟ್ಟಿಭಕ್ಕೆ ಅಂಥ ಗರುಡನ ಬಲವಿಲ್ಲ. ಅದರ ಪರವಾಗಿ ಸಾಕ್ಷಿ ಹೇಳಬಲ್ಲದ್ದು ದಡದಲ್ಲಿ ಒರಗಿದ ಒಂದು ಕ್ಯಾಮೆರಾ ಮಾತ್ರ. ಸಾಕ್ಷಿದಾರನೇ ಪೀಡಕನಾದರೆ ಆ ಸಾಕ್ಷಿಯನ್ನು ಯಾರೂ ನಂಬುವುದಿಲ್ಲ.

ಒಳ್ಳೆಯ ಚಿತ್ರದ ಪರೀಕ್ಷೆ ಸರಳವಾದುದು. ಅದಕ್ಕೆ ತೀರ್ಪುಗಾರರೂ ಬೇಡ. ಕ್ಯಾಮೆರಾ ಚೀಲಕ್ಕೆ ಸೇರಿಸಿ ಎದ್ದು ಹೊರಟವನು ದೂರದಿಂದ ಒಮ್ಮೆ ಹಿಂತಿರುಗಿ ನೋಡಲಿ. ಹಕ್ಕಿಗಳು ಅವನು ಬರುವಾಗ ಇದ್ದಲ್ಲಿಯೇ ಇನ್ನೂ ಮೇಯುತ್ತಿದ್ದರೆ ಅಂದಿನ ಚಿತ್ರಗಳು ಗೋಡೆಯ ಮೇಲೆ ತೂಗಲು ಯೋಗ್ಯ.